ಕುದುರೆ ನಿಲ್ಲುವ ಜಾಗಗಳು

“ಗುರುಗಳೇ, ಬಿಟ್ಟು ಬಂದದ್ದು ಮನಸ್ಸನ್ನು ಬಿಟ್ಟು ಹೋಗುವುದು ಯಾವಾಗ?”

ಕೇಳಿದವನು ರಾಮಲಿಂಗ. ನೇಕಾರರ ಮನೆಯವನು. ಮಠಕ್ಕೆ ಬಂದು ಕೆಲವು ವರ್ಷಗಳಾಗಿದ್ದವು. ಮರುದಿನ ಅವನಿಗೆ ದೀಕ್ಷೆ. ಹಳೆಯ ಹೆಸರು ಹೋಗಿ ಹೊಸ ಹೆಸರು ಬರಬೇಕಾದ ದಿನ. ಆದರೆ ಅವನು ತನ್ನ ಬಟ್ಟೆಗಳನ್ನು ಗಂಟು ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡೇ ಗುರುಗಳ ಮುಂದೆ ಬಂದು ನಿಂತಿದ್ದ.

ಗುರುಗಳು ಗಂಟನ್ನು ನೋಡಿದರು. “ಯಾವುದು ಬಿಟ್ಟು ಹೋಗಲಿಲ್ಲ?”

“ಮಗ್ಗ. ಧ್ಯಾನಕ್ಕೆ ಕುಳಿತರೆ ಕಿವಿಯಲ್ಲಿ ಅದೇ ಸದ್ದು. ಅಷ್ಟೇ ಆಗಿದ್ದರೆ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಮಡಚಿದ ಕಾಲಿನ ಹೆಬ್ಬೆರಳು ಕೂಡ ಆಡುತ್ತದೆ. ಅಪ್ಪನ ಪಕ್ಕ ಕುಳಿತು ಮಗ್ಗದ ಹಲಗೆ ತುಳಿಯುತ್ತಿದ್ದೆನಲ್ಲ, ಹಾಗೆ. ಜೊತೆಯವರು ‘ಇವತ್ತು ಸೀರೆ ಮುಗಿಯಿತೇನಪ್ಪ, ಸೆರಗು ಬಾಕಿಯೋ?’ ಎಂದು ನಗುತ್ತಾರೆ.”

“ನಾನೂ ನೋಡಿದ್ದೇನೆ. ತಾಳ ತಪ್ಪುವುದಿಲ್ಲ.”

ರಾಮಲಿಂಗನಿಗೆ ನಗು ಬರಲಿಲ್ಲ. “ಇಂಥವನಿಗೆ ಹೊಸ ಹೆಸರು ಇಟ್ಟರೆ ಆ ಹೆಸರೇ ಸುಳ್ಳಾಗುತ್ತದೆ. ನನಗೆ ಹೋಗಲು ಅಪ್ಪಣೆ ಕೊಡಿ.”

“ಕೊಡೋಣ. ಗಂಟು ಕೆಳಗಿಡು. ಒಂದು ಕತೆ ಇದೆ, ಕೇಳಿ ಹೋಗು. ಕೇಳುವಷ್ಟು ಹೊತ್ತು ಅದನ್ನು ಯಾಕೆ ಹೊತ್ತಿರುತ್ತೀಯ?”

ರಾಮಲಿಂಗ ಗಂಟನ್ನು ಪಕ್ಕಕ್ಕಿಟ್ಟು ಕುಳಿತ. ಗುರುಗಳು ಹೇಳಿದರು.

ಒಂದು ಊರಿನ ಹೊರಗೆ ಒಬ್ಬ ರೈತನಿದ್ದ. ಅವನ ಹೊಲದ ಅರ್ಧದಲ್ಲಿ ಬೆಳೆ, ಉಳಿದರ್ಧದಲ್ಲಿ ಮುದಿ ಪ್ರಾಣಿಗಳು. ನೊಗ ಹೊತ್ತು ಹೆಗಲು ಜಡ್ಡುಗಟ್ಟಿದ ಎತ್ತುಗಳು, ಹಾಲು ಬತ್ತಿದ ಎಮ್ಮೆ, ಅಗಸ ಬಿಟ್ಟುಹೋದ ಕತ್ತೆ. ಯಾರಿಗೂ ಬೇಡವಾದದ್ದು ಅವನ ಹತ್ತಿರ ಬರುತ್ತಿತ್ತು. ಜನ ಆ ಜಾಗವನ್ನು ಮುದಿಹಟ್ಟಿ ಎಂದು ಆಡಿಕೊಳ್ಳುತ್ತಿದ್ದರು. ಬರುಬರುತ್ತ ಅದೇ ಅದರ ಹೆಸರಾಯಿತು. ಪಟ್ಟಣದಿಂದ ಬಂದವರೂ “ಮುದಿಹಟ್ಟಿಗೆ ದಾರಿ ಯಾವುದು?” ಎಂದೇ ಕೇಳುತ್ತಿದ್ದರು.

ಮುದಿಹಟ್ಟಿಯಲ್ಲಿ ಒಂದು ಪದ್ಧತಿ ನಡೆದುಕೊಂಡು ಬಂದಿತ್ತು. ಯಾವ ಪ್ರಾಣಿ ಬಂದರೂ ಗೇಟಿನ ಒಳಗೆ ಕಾಲಿಟ್ಟ ಕೂಡಲೇ ಅದರ ಹಗ್ಗ, ಮೂಗುದಾರ, ಕೊರಳ ಗಂಟೆ ಎಲ್ಲವನ್ನೂ ರೈತ ಕಳಚುತ್ತಿದ್ದ. ಕಳಚಿದ್ದನ್ನು ಹೊಲದ ಮೂಲೆಯ ಹಾಳುಬಾವಿಗೆ ಎಸೆಯುತ್ತಿದ್ದ. ಆಮೇಲೆ ಹೊಸದೊಂದು ಹೆಸರು ಇಡುತ್ತಿದ್ದ. ತಂದು ಬಿಟ್ಟವರು, “ಇದು ಚಿಕ್ಕಂದಿನಲ್ಲಿ ಏನು ಮಾಡುತ್ತಿತ್ತು ಗೊತ್ತೇ...” ಎಂದು ಬಾಯಿ ತೆರೆದರೆ ಅಲ್ಲೇ ತಡೆಯುತ್ತಿದ್ದ.

“ಹಿಂದಿನದು ಬೇಡ. ನನ್ನ ಹಟ್ಟಿಗೆ ಬಂದದ್ದು ಇವತ್ತು ಹುಟ್ಟಿದ ಹಾಗೆ.”

ಹೀಗೆ ಹೇಳುವಾಗ ಅವನಿಗೆ ಒಳಗೇ ಒಂದು ಹೆಮ್ಮೆ. ಪ್ರಾಣಿಗಳ ಹಿಂದಿನ ಬದುಕೆಂದರೆ ಬರಿಯ ಹೊರೆ, ಬರಿಯ ಬಾರುಕೋಲು ಎಂದು ಅವನು ತಿಳಿದಿದ್ದ. ಅದನ್ನು ಒರೆಸಿ ಹಾಕುವುದೇ ತನ್ನ ಕೆಲಸ ಎಂದುಕೊಂಡಿದ್ದ.

ಒಮ್ಮೆ ಅವನು ಪಕ್ಕದ ಹೊಲದವನ ಗಾಡಿಯಲ್ಲಿ ಕುಂಬಳಕಾಯಿ ಹೇರಿಕೊಂಡು ಪಟ್ಟಣಕ್ಕೆ ಹೋದ. ಹಿಂದಿರುಗುವಾಗ ಮಾರುಕಟ್ಟೆಯ ಹಿಂದಿನ ತಿಪ್ಪೆಯಲ್ಲಿ ಒಂದು ಕುದುರೆ ನಿಂತಿತ್ತು. ಒದ್ದೆಯಾದ ರಟ್ಟನ್ನು ಅಗಿಯುತ್ತಿತ್ತು. ಹಿಂಗಾಲಿಗೆ ಎಂದೋ ಕಟ್ಟಿದ ಹಗ್ಗವನ್ನು ಯಾರೂ ಬಿಚ್ಚಿರಲಿಲ್ಲ. ಮಾಂಸ ಅದರ ಮೇಲೆಯೇ ಬೆಳೆದಿತ್ತು. ಗೊರಸು ಉದ್ದವಾಗಿ ತುದಿ ಮೇಲಕ್ಕೆ ಬಾಗಿತ್ತು. ಬೆನ್ನ ಹುಣ್ಣಿನ ತುಂಬ ನೊಣ. ಕೊರಳಲ್ಲಿ ಮಾತ್ರ ಒಂದು ನೀಲಿ ಮಣಿಸರವಿತ್ತು. ದೃಷ್ಟಿಯಾಗದಿರಲಿ ಎಂದು ಯಾರೋ ಪ್ರೀತಿಯಿಂದ ಕಟ್ಟಿದ್ದು.

ರೈತ ಎದುರಿನ ಅಂಗಡಿಯವನನ್ನು ಕೇಳಿದ. “ಇದು ಯಾರದು?”

“ಜಟಕಾ ಕುದುರೆ. ಜಟಕಾ ಓಡಿಸುವವರೇ ಇಲ್ಲ, ಇನ್ನು ಕುದುರೆಗೆ ಯಾರಿದ್ದಾರೆ? ಬೇಕಾದರೆ ಕರೆದುಕೊಂಡು ಹೋಗಿ. ಆದರೆ ಅದು ನಿಮ್ಮ ಊರು ಮುಟ್ಟುವುದಿಲ್ಲ.”

ಕುದುರೆ ಊರು ಮುಟ್ಟಿತು. ರೈತ ಗಾಡಿಯನ್ನು ಮುಂದೆ ಕಳಿಸಿ ಅದರ ಜೊತೆ ನಡೆದ. ಅದು ನಿಂತಲ್ಲಿ ನಿಂತ, ಅದು ಕಾಲೆತ್ತಿದಾಗ ಕಾಲೆತ್ತಿದ. ಹಗಲೆಲ್ಲ ಅದಕ್ಕೇ ಹೋಯಿತು. ಹಟ್ಟಿಯ ಗೇಟು ದಾಟಿತು. ಕೊಟ್ಟಿಗೆ ಇನ್ನೂ ಆಚೆ ಇತ್ತು. ಅಷ್ಟು ದೂರ ಹೋಗಲು ಅದರಿಂದ ಆಗಲಿಲ್ಲ. ರೈತನ ಮನೆಯ ಬಾಗಿಲ ಮುಂದೆ ಚಪ್ಪರದ ಕೆಳಗೆ ಕಾಲು ಮಡಚಿ ಬಿದ್ದುಬಿಟ್ಟಿತು.

ರೈತನ ಹೆಂಡತಿ ಹೊರಗೆ ಬಂದು ನೋಡಿದಳು. “ಇದನ್ನು ಸಾಕಲು ತಂದಿರೋ, ಹೂಳಲು ತಂದಿರೋ?”

“ನೀರು ತಾ.”

ಅವಳು ನೀರಿನ ಜೊತೆಗೆ ತನ್ನ ಹಳೆಯ ಸೀರೆಯನ್ನೂ ತಂದಳು. ಹುಣ್ಣು ಒರೆಸಲು ಬಟ್ಟೆ ಬೇಕಾಗುತ್ತದೆಂದು ಅವಳಿಗೆ ಗೊತ್ತಿತ್ತು. ರೈತ ಪದ್ಧತಿಯಂತೆ ನೀಲಿ ಮಣಿಸರವನ್ನು ಕತ್ತರಿಸಿ ಹಾಳುಬಾವಿಗೆ ಎಸೆದು ಬಂದ. ಕುದುರೆಯ ಮೈ ಕೆಂಪು. ಅದಕ್ಕೆ ಕೆಂಚ ಎಂದು ಹೆಸರಿಟ್ಟ.

ಪಶುವೈದ್ಯರು ಬಂದರು. ಕಾಲಿನ ಹಗ್ಗವನ್ನು ನೆನೆಸಿ ಎಳೆ ಎಳೆಯಾಗಿ ಬಿಡಿಸಿದರು. ಗೊರಸು ಕತ್ತರಿಸಲು ಏರ್ಪಾಡು ಮಾಡಿದರು. ಹೋಗುವಾಗ ಎಚ್ಚರಿಸಿದರು. “ಪಾಪ, ಹಸಿದಿದೆ ಎಂದು ಹೊಟ್ಟೆ ತುಂಬ ಹುರುಳಿ ಹಾಕಿಬಿಡಬೇಡಿ. ಉಪವಾಸ ಇದ್ದ ಕುದುರೆಯನ್ನು ಹಸಿವು ಕೊಲ್ಲುವುದಕ್ಕಿಂತ ಬೇಗ ಊಟ ಕೊಲ್ಲುತ್ತದೆ.”

ರೈತ ಹಾಗೆಯೇ ನಡೆದುಕೊಂಡ. ಒಂದು ಹಿಡಿ ಹುಲ್ಲು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಹಿಡಿ. ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ಹುಣ್ಣು ತೊಳೆದ. ಮಲಗಿದ ಮಗ್ಗುಲಲ್ಲಿ ಹೊಸ ಹುಣ್ಣು ಆಗದಿರಲೆಂದು ಹುಲ್ಲಿನ ಮೂಟೆ ಒತ್ತು ಕೊಟ್ಟು ಹೊರಳಿಸಿದ. ತನ್ನ ಹಾಸಿಗೆಯನ್ನೇ ಜಗಲಿಗೆ ತಂದುಕೊಂಡ. ಬಾಗಿಲಿನಿಂದ ಕಾಲು ಹೊರಗಿಟ್ಟರೆ ಕುದುರೆ. ಅದರ ಮುಖ ಗೇಟಿನ ಕಡೆ, ಬೆನ್ನು ಬಾಗಿಲ ಕಡೆ. ಅದು ಏಳಲು ಹೊರಟಾಗಲೆಲ್ಲ ರೈತ ಬಂದು ಅದರ ಬೆನ್ನ ಮೇಲೆ ಕೈ ಊರಿ, “ಏಳು ಕೆಂಚ” ಎನ್ನುತ್ತಿದ್ದ. ಹಲವು ಸಲ ಎದ್ದು ಬಿತ್ತು. ಒಂದು ಬೆಳಿಗ್ಗೆ ಬೆನ್ನ ಮೇಲೆ ಕೈ ಇದ್ದಂತೆಯೇ ಎದ್ದು ನಿಂತಿತು. ಬೀಳಲಿಲ್ಲ.

“ಎದ್ದಿತು ಕಣೇ!” ಎಂದು ರೈತ ಕೂಗಿದ.

“ಕೇಳಿಸಿತು, ಊರಿಗೆಲ್ಲ ಕೇಳಿಸಿತು,” ಎಂದಳು ಹೆಂಡತಿ ಒಳಗಿನಿಂದ. ಅವಳ ದನಿಯಲ್ಲಿ ಅಳುವಿತ್ತು.

ಮಳೆಗಾಲ ಕಳೆಯುವ ಹೊತ್ತಿಗೆ ಕುದುರೆ ಬಯಲಿಗೆ ಹೋಯಿತು. ಬೆನ್ನ ಮೇಲೆ ಕೂದಲು ಬಂದು ಮೈ ಮಿರುಗಿತು. ಕತ್ತೆಗೂ ಅದಕ್ಕೂ ಸ್ನೇಹವಾಯಿತು. ರೈತ ಇನ್ನು ಚಿಂತೆಯಿಲ್ಲ ಎಂದುಕೊಂಡ. ಆಗಲೇ ಅವನ ಕಣ್ಣಿಗೆ ಒಂದು ಸಂಗತಿ ಬಿತ್ತು.

ಕುದುರೆ ದಿನವೂ ಬೆಳಿಗ್ಗೆ ಮೇವು ಬಿಟ್ಟು ಬಯಲಿನಲ್ಲಿ ಒಂದು ಸುತ್ತು ಹೊರಡುತ್ತಿತ್ತು. ಯಾವಾಗಲೂ ಒಂದೇ ದಾರಿ. ಬೇವಿನ ಮರದ ಕೆಳಗೆ ಬಹಳ ಹೊತ್ತು ನಿಲ್ಲುತ್ತಿತ್ತು. ಅಲ್ಲಿಂದ ನೀರಿನ ತೊಟ್ಟಿಗೆ ಬಂದು ನೀರು ಕುಡಿಯದೆ ಸುಮ್ಮನೆ ಕಿವಿ ಕೊಡವುತ್ತಿತ್ತು. ಹೊಂಗೆಯ ಮರ ಇನ್ನೂ ದೂರವಿದ್ದಂತೆಯೇ ಹೆಜ್ಜೆ ಸಣ್ಣದಾಗುತ್ತಿತ್ತು. ತುಂಬಿದ ಕೊಡ ಹೊತ್ತವರಂತೆ ಬಂದು ನಿಲ್ಲುತ್ತಿತ್ತು. ಕಲ್ಲುಗುಡ್ಡೆಯ ಬಳಿ ತಲೆ ತಗ್ಗಿಸುತ್ತಿತ್ತು. ಹುಲ್ಲಿನ ಬಣವೆಯ ಪಕ್ಕದಲ್ಲಿ ಒಂದು ಹಿಂಗಾಲನ್ನು ಸಡಿಲ ಬಿಟ್ಟು ಕಣ್ಣು ಮುಚ್ಚುತ್ತಿತ್ತು. ಕೊನೆಗೆ ರೈತನ ಮನೆಯ ಮುಂದೆ ಗೇಟಿನ ಕಡೆ ಮುಖ ಮಾಡಿ ನಿಂತು ಕೊರಳು ತಿರುಗಿಸಿ ಹಿಂದಕ್ಕೆ ನೋಡುತ್ತಿತ್ತು. ನೋಡಿ ನೋಡಿ, ಆಮೇಲೆ ತಾನಾಗಿ ಬಯಲಿಗೆ ಹೋಗುತ್ತಿತ್ತು.

“ನೋಡಿದೆಯಾ?” ಎಂದ ರೈತ. “ಇನ್ನೂ ಗಾಡಿ ಎಳೆಯುತ್ತಿದೆ. ಗಾಡಿ ಇಲ್ಲ, ಬಾರುಕೋಲು ಇಲ್ಲ. ಆದರೂ ಹೆದರಿ ಎಳೆಯುತ್ತಿದೆ.”

“ಹೆದರಿದ ಕುದುರೆ ಕಣ್ಣು ಮುಚ್ಚಿ ತೂಕಡಿಸುತ್ತದೆಯೇ?” ಎಂದಳು ಹೆಂಡತಿ.

“ನಿನಗೆ ತಿಳಿಯುವುದಿಲ್ಲ. ಮನೆಯ ಮುಂದೆ ಬಂದು ಗೇಟು ನೋಡುತ್ತದೆ. ಆಮೇಲೆ ತಿರುಗಿ ನನ್ನನ್ನು ನೋಡುತ್ತದೆ. ಗೇಟು ತೆಗಿ, ನಾನು ಹೋಗಬೇಕು ಅನ್ನುತ್ತದೆ. ಅಷ್ಟು ಹಾಳು ಮಾಡಿದವನ ಹತ್ತಿರ ಹೋಗಬೇಕಂತೆ!”

ಆ ನೋಟ ಅವನಿಗೆ ಮುಳ್ಳಿನಂತೆ ಚುಚ್ಚಿತು. ಬೇರೆ ಎತ್ತು, ಎಮ್ಮೆ ಬಂದಿದ್ದವು, ಉಳಿದಿದ್ದವು, ಸತ್ತಿದ್ದವು. ಯಾವುದರ ಮೇಲೂ ಅವನಿಗೆ ಇಷ್ಟು ಆಸೆ ಇರಲಿಲ್ಲ. ಸಾವಿನ ಬಾಯಿಂದ ಹಿಡಿ ಹಿಡಿಯಾಗಿ ಎಳೆದು ತಂದ ಕುದುರೆ ಇದು. ಇದು ತನ್ನದಾಗಬೇಕಿತ್ತು. ಆಗಲಿಲ್ಲ ಎಂದು ದಿನವೂ ಬಾಗಿಲಿಗೇ ಬಂದು ಹೇಳುತ್ತಿತ್ತು.

ರೈತ ಯೋಚಿಸಿದ. ಹಗ್ಗವನ್ನು ಬಾವಿಗೆ ಎಸೆಯಬಹುದು, ದಾರಿಯನ್ನು ಎಲ್ಲಿ ಎಸೆಯುವುದು? ಕಡೆಗೆ ಜಾಲಿಯ ಮುಳ್ಳು ಕಡಿದು ತಂದು ಬೇವಿನ ಮರದ ಈಚೆ ಉದ್ದಕ್ಕೂ ಬೇಲಿ ಹಾಕಿದ. ಕುದುರೆಗೆ ಮೇಯಲು ಬೇಲಿಯ ಈಚೆ ಬೇಕಾದಷ್ಟು ಹುಲ್ಲಿತ್ತು. ಸುತ್ತು ಹೊಡೆಯಲು ಮಾತ್ರ ಆಗುತ್ತಿರಲಿಲ್ಲ. ಕೆಲವು ದಿನ ದಾರಿ ತಪ್ಪಿದರೆ ಮರೆಯುತ್ತದೆ ಎಂದು ಅವನ ಲೆಕ್ಕ.

ಕುದುರೆ ಬೇಲಿಯ ಮುಂದೆ ಬಂದು ನಿಂತಿತು. ಮರುದಿನವೂ ನಿಂತಿತು. ಹುಲ್ಲು ಮುಟ್ಟುವುದನ್ನು ಕಡಿಮೆ ಮಾಡಿತು. ನಿಂತು ನಿಂತು ಕಾಲುಗಳು ಊದಿಕೊಂಡವು. ಮಿರುಗುತ್ತಿದ್ದ ಮೈ ಮಂಕಾಯಿತು. ಕತ್ತೆ ಹತ್ತಿರ ಹೋಗಿ ಉಜ್ಜಿಕೊಂಡರೂ ಕಿವಿ ಎತ್ತಲಿಲ್ಲ. ಪಕ್ಕೆಲುಬುಗಳು ಮತ್ತೆ ತೋರತೊಡಗಿದವು. ರೈತ ಹುರುಳಿ ಬೇಯಿಸಿ ಬೆಲ್ಲ ಹಾಕಿ ಮೂತಿಯ ಹತ್ತಿರ ಹಿಡಿದ. ಅದು ಮೂಸಿ ಮುಖ ತಿರುಗಿಸಿತು.

“ರೀ, ಈ ಬೇಲಿ ಯಾರಿಗೆ ಹಾಕಿದ್ದು?” ಎಂದು ಹೆಂಡತಿ ಕೇಳಿದಳು. “ಕುದುರೆಗೋ, ನಿಮ್ಮ ಹೊಟ್ಟೆಕಿಚ್ಚಿಗೋ?”

ರೈತ ಹುರುಳಿಯ ಬುಟ್ಟಿಯನ್ನು ಕತ್ತೆಯ ಮುಂದಿಟ್ಟು ಹೊರಟುಹೋದ.

ಅಂಥ ದಿನಗಳಲ್ಲೇ ಗೇಟಿನ ಹೊರಗೆ ಒಬ್ಬ ಮುದುಕ ಬಂದು ನಿಂತ. ಬಿಳಿಯ ಗಡ್ಡ, ತಲೆಗೆ ಕಸೂತಿಯ ಟೋಪಿ, ಊರುಗೋಲು. ನಡೆದು ಬಂದು ಉಸಿರು ಹತ್ತಿತ್ತು.

“ಯಜಮಾನರೇ, ಹಣೆಯ ಮೇಲೆ ಬಿಳಿ ಮಚ್ಚೆ ಇರುವ ಕೆಂಪು ಕುದುರೆ ನಿಮ್ಮಲ್ಲಿದೆ ಎಂದು ಸಂತೆಯಲ್ಲಿ ಹೇಳಿದರು.”

ರೈತನಿಗೆ ಕೇಳುವ ಮೊದಲೇ ಎಲ್ಲ ತಿಳಿಯಿತು. “ಈಗ ನೆನಪಾಯಿತೋ ಸಾಬರೇ? ಕಾಲಿನ ಮಾಂಸ ಹಗ್ಗ ನುಂಗಿದ್ದಾಗ ಎಲ್ಲಿದ್ದಿರಿ?”

ಮುದುಕ ತಲೆ ತಗ್ಗಿಸಿದ. “ಹಾಸಿಗೆ ಹಿಡಿದು ಮಗಳ ಊರಿನಲ್ಲಿದ್ದೆ. ನೋಡಿಕೊಳ್ಳಿ ಎಂದು ನಮ್ಮವರಿಗೇ ಹೇಳಿ ಹೋಗಿದ್ದೆ. ಅವರು ನೋಡಲಿಲ್ಲ. ನೀವು ಬೈದದ್ದು ಸರಿ.”

“ಈಗ ಕರೆದುಕೊಂಡು ಹೋಗಲು ಬಂದಿರಿ.”

“ಎಲ್ಲಿಗೆ ಕರೆದುಕೊಂಡು ಹೋಗಲಿ? ನಾನೇ ಅಳಿಯನ ಮನೆಯ ಜಗಲಿಯಲ್ಲಿದ್ದೇನೆ. ಜೀವಂತ ಇದೆಯೇ ಎಂದು ನೋಡಬೇಕಿತ್ತು. ಅಷ್ಟೇ.”

ರೈತ ನಂಬಲಿಲ್ಲ. ಬೇಡ ಎಂದು ಹೇಳಿ ಕಳಿಸಿಬಿಡಬಹುದಿತ್ತು. ಆದರೆ ಕುದುರೆ ಮೇವು ಬಿಟ್ಟಿತ್ತು. ಹೀಗೇ ಆದರೆ ಅದು ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ತನ್ನ ಬಳಿ ಇದ್ದು ಸಾಯುವುದಕ್ಕಿಂತ ಹೋಗಿ ಬದುಕಲಿ ಎಂಬ ಮಾತು ಅವನ ಮನಸ್ಸಿನಲ್ಲಿ ಬಂತು. ಬಂದ ಮಾತು ಹೋಗಲಿಲ್ಲ. ಅವನು ಗೇಟನ್ನು ಪೂರ್ತಿ ತೆರೆದು, ಮುಚ್ಚಿಕೊಳ್ಳದಂತೆ ಕಲ್ಲು ಒತ್ತಿಟ್ಟ.

“ಒಳಗೆ ಬನ್ನಿ. ಗೇಟು ತೆರೆದೇ ಇರಲಿ. ಅದು ನಿಮ್ಮ ಹಿಂದೆ ಹೊರಟರೆ ನಾನು ತಡೆಯುವುದಿಲ್ಲ.”

ಕುದುರೆ ಬೇಲಿಯ ಮುಂದೆ ನಿಂತಿತ್ತು. ಮುದುಕ ದೂರದಿಂದಲೇ ಕರೆದ. “ನವಾಬ!”

ಕುದುರೆಯ ಎರಡೂ ಕಿವಿಗಳು ನೆಟ್ಟಗಾದವು. ಅದು ಊದಿದ ಕಾಲುಗಳನ್ನು ಎಳೆದುಕೊಂಡು ಬಂದು ಮುದುಕನ ಹೆಗಲ ಮೇಲೆ ಗಲ್ಲ ಇಟ್ಟಿತು. ಮುದುಕ ಅದರ ಕೊರಳನ್ನು ತಡವಿದ. ಅವನ ಬೆರಳುಗಳು ಮಣಿಸರವನ್ನು ಹುಡುಕಿ ಏನೂ ಸಿಗದೆ ಹಿಂದೆ ಬಂದವು. ರೈತ ಬೇರೆ ಕಡೆ ನೋಡಿದ.

“ಈ ಮುಳ್ಳು ಯಾಕೆ ಹಾಕಿದಿರಿ, ಯಜಮಾನರೇ?”

“ಹಳೆಯ ದಾರಿ ಮರೆಯಲಿ ಎಂದು.”

ಮುದುಕನಿಗೆ ಅರ್ಥವಾಗಲಿಲ್ಲ. ರೈತ ಸುತ್ತಿನ ವಿಷಯ ಹೇಳಿದ. ಮುದುಕ ಕೇಳುತ್ತ ಕೇಳುತ್ತ ನೆಟ್ಟಗಾದ. “ಒಮ್ಮೆ ಬೇಲಿ ತೆಗೆಯಿರಿ. ನಾನು ಅದರ ಜೊತೆ ನಡೆಯುತ್ತೇನೆ. ನೀವೂ ಬನ್ನಿ.”

ರೈತ ಮುಳ್ಳುಗಳನ್ನು ಎಳೆದು ಪಕ್ಕಕ್ಕೆ ಹಾಕಿದ. ಕುದುರೆ ಕಾಲೆತ್ತಿತು. ಮೊದಲು ತಡವರಿಸಿತು, ಆಮೇಲೆ ನಡಿಗೆ ಸರಿಹೋಯಿತು. ಬೇವಿನ ಮರದ ಕೆಳಗೆ ಬಂದು ನಿಂತಿತು. ಬಹಳ ಹೊತ್ತು ನಿಂತಿತು.

“ಇದು ರೈಲ್ವೆ ಸ್ಟೇಷನ್ನು,” ಎಂದ ಮುದುಕ. “ನಮ್ಮ ಗಾಡಿ ಸರದಿಯಲ್ಲಿ ಹಿಂದೆ ಇರುತ್ತಿತ್ತು. ಕಾಯಬೇಕಲ್ಲ! ನಾನು ಬೀಡಿ ಸೇದುತ್ತಿದ್ದೆ, ಇದು ನಿಂತಿರುತ್ತಿತ್ತು.”

ನೀರಿನ ತೊಟ್ಟಿಯ ಬಳಿ ಕುದುರೆ ಕಿವಿ ಕೊಡವಿತು. ಮುದುಕ ನಕ್ಕುಬಿಟ್ಟ. “ಸೋಡಾ ಅಂಗಡಿ! ಬಾಟಲಿಯ ಗೋಲಿ ಒಳಕ್ಕೆ ತಳ್ಳಿದರೆ ಸದ್ದು ಆಗುತ್ತಿತ್ತಲ್ಲ, ಅದಕ್ಕೆ ಹೀಗೆ ಮಾಡುತ್ತಿತ್ತು. ಆ ಅಂಗಡಿ ಹೋಗಿ ಎಷ್ಟು ಕಾಲವಾಯಿತೋ.”

ಹೊಂಗೆಯ ಮರ ಇನ್ನೂ ದೂರವಿರುವಾಗಲೇ ಕುದುರೆಯ ಹೆಜ್ಜೆ ಸಣ್ಣದಾಯಿತು. ಮುದುಕ ದನಿ ತಗ್ಗಿಸಿದ. ಯಾರಿಗೋ ಎಚ್ಚರವಾದೀತು ಎಂಬಂತೆ. “ಇದು ಹೆರಿಗೆ ಆಸ್ಪತ್ರೆ. ನೋವು ತಿನ್ನುತ್ತಿರುವ ಹೆಂಗಸು ಒಳಗೆ ಕೂತಿದ್ದರೆ ಗಾಡಿ ಕುಲುಕಬಾರದು. ನಾನು ಕಲಿಸಲಿಲ್ಲ ಯಜಮಾನರೇ, ಇದು ತಾನೇ ಕಲಿತದ್ದು. ಆ ಊರಿನ ಎಷ್ಟೋ ಮಕ್ಕಳು ನಮ್ಮ ಗಾಡಿಯಲ್ಲಿ ತಾಯಿಯ ಹೊಟ್ಟೆಯಲ್ಲಿ ಬಂದು ಮಡಿಲಲ್ಲಿ ಹೋದವರು. ಒಂದು ಮಾತ್ರ ಆತುರಪಟ್ಟು ಗಾಡಿಯಲ್ಲೇ ಹುಟ್ಟಿತು.”

ಕಲ್ಲುಗುಡ್ಡೆಯ ಬಳಿ ಕುದುರೆ ತಲೆ ತಗ್ಗಿಸಿತು. “ಹೆಣ್ಣುಮಕ್ಕಳ ಸ್ಕೂಲು. ಒಬ್ಬಳು ಕಡಲೆಕಾಯಿ ತಿನ್ನಿಸುತ್ತಿದ್ದಳು, ಉಳಿದವರು ಹಣೆಯ ಕೂದಲಿಗೆ ಜಡೆ ಹಾಕುತ್ತಿದ್ದರು. ರಿಬ್ಬನ್ ಕಟ್ಟಿಸಿಕೊಂಡು ಊರೆಲ್ಲ ತಿರುಗುತ್ತಿತ್ತು, ನಾಚಿಕೆಗೆಟ್ಟ ನವಾಬ!”

ಬಣವೆಯ ಪಕ್ಕದಲ್ಲಿ ಕುದುರೆ ಒಂದು ಹಿಂಗಾಲನ್ನು ಸಡಿಲ ಬಿಟ್ಟು ಕಣ್ಣು ಮುಚ್ಚಿತು. “ಇದು ಟೆಂಟ್ ಸಿನಿಮಾ. ಆಟ ಮುಗಿಯುವವರೆಗೆ ಇದಕ್ಕೆ ನಿದ್ದೆ. ನನಗೂ ನಿದ್ದೆ. ಹಾಡು ಬಂದಾಗ ಮಾತ್ರ ಇಬ್ಬರಿಗೂ ಎಚ್ಚರ.”

ರೈತ ಅದೇ ಬಯಲನ್ನು ನೋಡುತ್ತ ನಿಂತ. ದಿನವೂ ತುಳಿದಾಡಿದ ಹುಲ್ಲು. ಅಲ್ಲೊಂದು ಊರು ಇತ್ತು. ರೈಲು ಬರುತ್ತಿತ್ತು, ಸೋಡಾ ಸಿಡಿಯುತ್ತಿತ್ತು, ಹುಡುಗಿಯರು ಜಡೆ ಹಾಕುತ್ತಿದ್ದರು. ಕುದುರೆ ಅದನ್ನು ಬೆನ್ನಮೇಲೆ ಹೊತ್ತು ತಂದು ಇಲ್ಲಿ ಹರಡಿಕೊಂಡಿತ್ತು. ತಾನು ಅದರ ಮೇಲೆ ಮುಳ್ಳು ಎಳೆದಿದ್ದ.

ಕುದುರೆ ಬಣವೆ ಬಿಟ್ಟು ಹೊರಟಿತು. ರೈತನ ಮನೆಯ ಮುಂದೆ ಬಂದು ಚಪ್ಪರದ ಕೆಳಗೆ ನಿಂತಿತು. ಮುಂದೆ ಗೇಟು ತೆರೆದಿತ್ತು. ಆಚೆ ದಾರಿ ಕಾಣುತ್ತಿತ್ತು. ಕುದುರೆ ಕೊರಳು ತಿರುಗಿಸಿ ಹಿಂದಕ್ಕೆ ನೋಡಿತು.

ರೈತ ಕೇಳಿದ. “ಇದು ಯಾವ ಜಾಗ, ಸಾಬರೇ? ನಿಮ್ಮ ಮನೆಯೇ?”

ಮುದುಕ ಸುತ್ತ ನೋಡಿದ. ಹುಬ್ಬು ಗಂಟಿಕ್ಕಿ ಯೋಚಿಸಿದ. “ಇಲ್ಲ. ಟೆಂಟಿನಿಂದ ನಾವು ನೇರವಾಗಿ ಸ್ಟೇಷನ್ನಿಗೆ ಹಿಂದಿರುಗುತ್ತಿದ್ದೆವು. ನಡುವೆ ಎಲ್ಲೂ ನಿಲ್ಲುತ್ತಿರಲಿಲ್ಲ. ಈ ಜಾಗ ನನಗೆ ಗೊತ್ತಿಲ್ಲ.”

“ಸರಿಯಾಗಿ ನೆನಪು ಮಾಡಿಕೊಳ್ಳಿ.”

“ನನಗೆ ಮರೆಯುವುದುಂಟೇ? ನಮ್ಮ ದಾರಿಯಲ್ಲಿ ಇದು ಇರಲೇ ಇಲ್ಲ.” ಮುದುಕ ಕುದುರೆಯ ಕೊರಳನ್ನೇ ನೋಡಿದ. “ಇದು ತಿರುಗಿ ನೋಡುತ್ತಿದೆಯಲ್ಲ. ದಿನವೂ ಹೀಗೇ ನೋಡುತ್ತದೆಯೇ?”

“ದಿನವೂ. ಗೇಟು ತೆಗಿ ಅನ್ನುತ್ತದೆ.”

“ಗೇಟು ಮುಂದಿದೆ, ಯಜಮಾನರೇ. ಅದು ನೋಡುತ್ತಿರುವುದು ಹಿಂದಕ್ಕೆ.” ಮುದುಕ ನಿಧಾನವಾಗಿ ಹೇಳಿದ. “ಜನ ಇಳಿಯುವಲ್ಲಿ ಇದು ತಿರುಗುವುದಿಲ್ಲ. ಹತ್ತುವವರು ಇದ್ದರೆ ಮಾತ್ರ ತಿರುಗಿ ನೋಡುತ್ತದೆ, ಹತ್ತಿದರೋ ಇಲ್ಲವೋ ಎಂದು. ಜನ ಹತ್ತಿ, ಗಾಡಿಯ ಭಾರ ಬೆನ್ನ ಮೇಲೆ ಬೀಳುವವರೆಗೆ ಹೊರಡಬಾರದು. ಅದು ಮಾತ್ರ ನಾನೇ ಕಲಿಸಿದ್ದು.”

ಅವನು ಗೇಟಿನ ಹತ್ತಿರ ಹೋಗಿ ನಿಂತು ನಾಲಗೆಯಿಂದ ಟಕ್ ಟಕ್ ಎಂದ. ಹುಟ್ಟಿದಾಗಿನಿಂದ ಕುದುರೆ ಓಗೊಟ್ಟ ಸದ್ದು ಅದು. ಕುದುರೆಯ ಕಿವಿಗಳು ಅವನ ಕಡೆ ತಿರುಗಿದವು. ಕಾಲು ಏಳಲಿಲ್ಲ. ಕಣ್ಣು ಬಾಗಿಲ ಕಡೆಯೇ ಇತ್ತು.

ಬಾಗಿಲಲ್ಲಿ ರೈತನ ಹೆಂಡತಿ ನಿಂತಿದ್ದಳು. “ಇನ್ನೂ ಎಷ್ಟು ಹೊತ್ತು ಕಾಯಿಸುತ್ತೀರಿ?” ಎಂದಳು. “ಹೋಗಿ.”

ರೈತ ಬಂದು, ಅದು ಬಿದ್ದಿದ್ದ ಜಾಗದಲ್ಲಿ, ತಾನು ದಿನವೂ ನಿಲ್ಲುತ್ತಿದ್ದ ಕಡೆಯಲ್ಲಿ ನಿಂತ. ಬೆನ್ನ ಮೇಲೆ ಕೈ ಊರಿದ. ಕುದುರೆ ಮುಂದಕ್ಕೆ ತಿರುಗಿ ಒಮ್ಮೆ ಉಸಿರು ಬಿಟ್ಟು ಹೊರಟಿತು. ಗೇಟು ತೆರೆದಿತ್ತು. ಅದು ಗೇಟಿನ ಕಡೆ ಹೋಗಲಿಲ್ಲ. ರೈತನ ಕೈಯನ್ನು ಬೆನ್ನಮೇಲೆ ಇಟ್ಟುಕೊಂಡೇ ಬಯಲಿಗೆ ತಿರುಗಿ ಬೇವಿನ ಮರದ ಕೆಳಗೆ ಹೋಗಿ ನಿಂತಿತು.

ಅಷ್ಟು ದೂರದಿಂದ ಮುದುಕ ಕೂಗಿ ಹೇಳಿದ. “ಇಳಿಯಿರಿ ಸ್ವಾಮಿ, ಸ್ಟೇಷನ್ ಬಂತು!”

ಅಂದಿನಿಂದ ಕುದುರೆ ಮೇವು ತಿಂದಿತು. ನಡೆದು ನಡೆದು ಕಾಲಿನ ಊತ ಇಳಿಯಿತು. ರೈತ ದಿನವೂ ಬಾಗಿಲಲ್ಲಿ ಕಾದಿದ್ದು ಅದರ ಜೊತೆ ಹೊರಡುತ್ತಿದ್ದ. ಕೆಲವು ಸಂತೆಗಳ ದಿನ ಮುದುಕನೂ ಬರುತ್ತಿದ್ದ. ಬೇವಿನ ಕಟ್ಟೆಯ ಮೇಲೆ ಇಬ್ಬರೂ ಕುಳಿತು ಬೀಡಿ ಸೇದುತ್ತಿದ್ದರು, ಕುದುರೆ ನಿಂತಿರುತ್ತಿತ್ತು. ಆ ಊರಿನ ಬೀದಿಗಳಲ್ಲಿ ಯಾರು ಯಾರ ಗಾಡಿಗಳಿದ್ದವು, ಯಾವ ಮನೆಯ ಮದುಮಗಳು ಹತ್ತುವಾಗ ಅತ್ತಳು, ಯಾವ ಮೇಷ್ಟರು ಸೋಡಾ ಕುಡಿದು ಮಲಗಿಬಿಟ್ಟರು ಎಂದು ಮುದುಕ ಹೇಳುತ್ತಿದ್ದ. ಆ ಪಟ್ಟಣದ ಒಳಬೀದಿಗಳನ್ನು ಸರಿಯಾಗಿ ಕಾಣದ ರೈತನಿಗೂ ಅದು ನೆನಪಾಗತೊಡಗಿತು. ಒಂದು ಸಂತೆಗೆ ಮುದುಕ ಬರಲಿಲ್ಲ. ಮುಂದಿನದಕ್ಕೂ ಬರಲಿಲ್ಲ. ಕುದುರೆ ಮಾತ್ರ ಬೇವಿನ ಕೆಳಗೆ ಮೊದಲಿನಷ್ಟೇ ಹೊತ್ತು ನಿಲ್ಲುತ್ತಿತ್ತು. ರೈತ ಅವಸರ ಮಾಡಲಿಲ್ಲ.

ರೈತ ಬಾವಿಗೆ ಇಳಿದು ನೀಲಿ ಮಣಿಸರವನ್ನು ಹುಡುಕಿ ತಂದು ಚಪ್ಪರದ ಕಂಬಕ್ಕೆ ಕಟ್ಟಿದ. ಆಮೇಲೆ ಒಂದು ದಿನ ಯಾರೋ ಒಂದು ಮುದಿ ಎತ್ತನ್ನು ಗೇಟಿಗೆ ತಂದರು. ಬೆಲ್ಲದ ಆಲೆಮನೆಯಲ್ಲಿ ಗಾಣ ತಿರುಗಿಸಿದ ಎತ್ತು. ರೈತ ಮೂಗುದಾರವನ್ನು ಕಳಚಿದ. ಬಾವಿಯ ಕಡೆ ಹೋಗಲಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡೇ, ತಂದವನನ್ನು ಒಳಗೆ ಕರೆದು ಜಗಲಿಯಲ್ಲಿ ಕೂರಿಸಿದ.

“ಇದರ ಹೆಸರೇನು? ಇದು ಏನೇನು ಮಾಡುತ್ತಿತ್ತು, ಹೇಳಿ,” ಎಂದ. “ಆತುರವಿಲ್ಲ. ಎಲ್ಲ ಹೇಳಿ.”

ಗುರುಗಳು ಕತೆ ನಿಲ್ಲಿಸಿದರು.

ರಾಮಲಿಂಗ ಸ್ವಲ್ಪ ಹೊತ್ತು ಕಾದ. ಕತೆ ಮುಂದೆ ಹೋಗಲಿಲ್ಲ. “ಹಾಗಾದರೆ ಆ ಕುದುರೆ ಹಳೆಯದನ್ನು ಕೊನೆಗೂ ಮರೆಯಲಿಲ್ಲವೇ?” ಎಂದು ಕೇಳಿದ. ಅವನ ಕೈ ಗಂಟಿನ ಮೇಲಿತ್ತು.

ಗುರುಗಳು ಅವನ ಮಡಚಿದ ಕಾಲನ್ನು ನೋಡಿದರು. ಹೆಬ್ಬೆರಳು ಆಡುತ್ತಿತ್ತು.

“ನಿಲ್ಲುವುದನ್ನೇ ಮರೆತಿದ್ದರೆ, ರಾಮಲಿಂಗ, ಅದು ರೈತನ ಬಾಗಿಲಲ್ಲಿ ಹೇಗೆ ನಿಲ್ಲುತ್ತಿತ್ತು?”

ರಾಮಲಿಂಗ ಗಂಟಿನ ಮೇಲಿನ ಕೈ ತೆಗೆದ.